ಮುಚ್ಚಲೇ ಎಂದು ಕೇಳಿದ ಪೆಟ್ಟಿಗೆ

ಕಂಪ್ಯೂಟರ್ ಪರದೆಯ ಮೇಲೆ ಕಿಟಕಿ ಕಟ್ಟೋದು ನನ್ನ ಕಸುಬು. ಯಾರಾದರೂ ಕಿಟಕಿ ಎಳೆದರೆ, ಗುಂಡಿ ಒತ್ತಿದರೆ, ಬಿಟ್ಟರೆ, ಆ ಸುದ್ದಿ ಪ್ರೋಗ್ರಾಮಿಗೆ ಮುಟ್ಟುತ್ತೆ. ಇದಕ್ಕೆ ಈವೆಂಟ್ ಅಂತಾರೆ. ಯಾವ ಸುದ್ದಿ ಬಂದರೆ ಏನು ಮಾಡಬೇಕು ಅಂತ ನಾನು ಮೊದಲೇ ಬರೆದಿಟ್ಟಿರಬೇಕು. ಸುದ್ದಿ ಕಳಿಸೋರು ಮನುಷ್ಯರು ನೋಡಿ, ಅದಕ್ಕೇ ಫಜೀತಿ ತಪ್ಪೋದೇ ಇಲ್ಲ.

ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ದಂಪತಿ ಇದ್ದಾರೆ. ಯಜಮಾನರು ಲೇತ್ ಮೇಲೆ ಮರ ಕಡೆಯುತ್ತಾರೆ, ಹೆಂಡತಿ ಬಣ್ಣದ ಅರಗು ಹಚ್ಚುತ್ತಾರೆ. ಅವರನ್ನ ನಾನು ಅಕ್ಕ ಅಂತೀನಿ. ಇಪ್ಪತ್ತು ವರ್ಷ ಕಂಡೋರ ಗೊಂಬೆಗೇ ಬಣ್ಣ ಹಚ್ಚಿದ ಅಕ್ಕನಿಗೆ ತನ್ನದೇ ಒಂದು ಕುದುರೆ ಮಾಡಿಸೋ ಆಸೆ. ಅದರ ಚಿತ್ರ ಬರೆಯೋಕೆ ನಾನೇ ಒಂದು ಪ್ರೋಗ್ರಾಮ್ ಮಾಡಿ, ನನ್ನ ಹಳೇ ಕಂಪ್ಯೂಟರಿಗೆ ಹಾಕಿಕೊಟ್ಟೆ.

೧. ಹುರುಳಿ ತಿಂದ ಕುದುರೆ

ಕಿಟಕಿ ದೊಡ್ಡದಾದರೆ ಚಿತ್ರವೂ ದೊಡ್ಡದಾಗಲಿ ಅಂತ ಬರೆದಿದ್ದೆ. ಉದ್ದಕ್ಕೆ ತಕ್ಕ ಅಗಲ ಇರಲಿ ಅಂತ ಬರೆಯೋದನ್ನ ಮರೆತಿದ್ದೆ. ಯಜಮಾನರು ಕಿಟಕಿಯನ್ನ ಪರದೆ ತುಂಬ ಅಡ್ಡಕ್ಕೆ ಎಳೆದರು. ಕುದುರೆ ಎಮ್ಮೆಯಾಯಿತು.

"ಏನವ್ವ, ಎಷ್ಟು ಸೇರು ಹುಳ್ಳಿ ತಿನ್ನಿಸ್ಬುಟ್ಟೆ?" ಅಂದರು.

ಅಲ್ಲೇ ಕೂತು ಸರಿಮಾಡಿದೆ. ಅವರು ಪರದೆ ಹತ್ತಿರ ಬಗ್ಗಿ ನೋಡಿ, "ಪಾಪ, ಉಪವಾಸ ಬೀಳಿಸಬ್ಯಾಡ" ಅಂದರು.

೨. ಅಂಟಿದ ಕುದುರೆ

ಇನ್ನೊಂದು ದಿನ ಯಜಮಾನರ ಫೋನು. "ಕುದ್ರೆ ಬಾಣದ ಗುರುತಿಗೆ ಅಂಟ್ಕೊಂಡೈತೆ. ಎಲ್ಲೋದ್ರೂ ಹಿಂದೇನೇ ಬತ್ತದೆ. ಅರಗು ಗಿರಗು ಮೆತ್ತಿದ್ದೀಯಾ?"

ನಾನಿರೋ ರಾಮನಗರದಲ್ಲಿ ಬಸ್ಸು ಹತ್ತಿ ಓಡಿಹೋದೆ. ನೋಡಿದರೆ ಯಜಮಾನರು ಮೌಸಿನ ಗುಂಡಿಯನ್ನ ಒತ್ತಿ ಹಿಡಿದೇ ಕೂತಿದ್ದಾರೆ. ಫೋನನ್ನ ಅವರ ಕಿವಿಗೆ ಹಿಡಿದಿದ್ದವರು ಅಕ್ಕ. ಬೆರಳು ಬಿಟ್ಟ ಸುದ್ದಿ ಬಂದರೆ ತಾನೇ ಕುದುರೆ ನಿಲ್ಲೋದು?

"ಬಿಡಿ ಯಜಮಾನರೇ!"

"ಕೆಲ್ಸ ಮುಗಿಯೋಗಂಟ ಹಿಡಿದ ಉಳಿ ಬುಡಬಾರ್ದು ಕಣವ್ವ."

ಕೊನೆಗೂ ಬಿಟ್ಟರು. ಕುದುರೆ ನಿಂತಿತು. "ಇಷ್ಟಕ್ಕೆ ರಾಮನಗರದಿಂದ ಬರಬೇಕಿತ್ತಾ?" ಅಂತ ನನ್ನನ್ನೇ ಕೇಳಿದರು!

೩. ಸಂಜೆಯ ಪ್ರಶ್ನೆ

ನಗು ನಿಂತಿದ್ದು ಇಲ್ಲಿ. ಅಕ್ಕ ದಿನವೆಲ್ಲ ಬರೆದ ಕುದುರೆ ಮಾರನೇ ಬೆಳಿಗ್ಗೆ ಮಾಯ. ಒಂದಲ್ಲ, ಮೂರು ಸಲ. ಕಿಟಕಿ ಮುಚ್ಚೋ ಸುದ್ದಿ ಬಂದಾಗ ಚಿತ್ರವನ್ನ ಉಳಿಸಿಡು ಅಂತ ನಾನು ಬರೆದಿದ್ದೆ, ನನ್ನ ಮನೇಲಿ ಉಳೀತಾನೂ ಇತ್ತು. ಅಕ್ಕನ ಕಣ್ಣು ತುಂಬಿಬಂತು. "ನನ್ನ ಹಣೇಲಿ ನನ್ನ ಕುದ್ರೆ ಬರೆದಿಲ್ಲ ಬುಡು" ಅಂದರು. ಯಜಮಾನರು, "ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಈ ಪೆಟ್ಗೆ ತಕ್ಕೊಂಡೋಗು" ಅಂದರು.

ನನಗೆ ರೋಷ ಬಂತು. ಈ ಕುದುರೆ ಉಳಿಸದೆ ಬಿಡೋಳಲ್ಲ ನಾನು! ಶುಕ್ರವಾರ ಬೆಳಿಗ್ಗೆಯಿಂದ ಅಲ್ಲೇ ಠಿಕಾಣಿ ಹೂಡಿದೆ. ಅಕ್ಕ ನಾಲ್ಕನೇ ಸಲ ಬರೆದರು. ದೀಪ ಹಚ್ಚೋ ಹೊತ್ತಾಯಿತು. ಕಿಟಕಿಯ ಮೂಲೆಯ ಗುಣಾಕಾರದ ಗುರುತು ಒತ್ತಿದರು. 'ಮುಚ್ಚಲೇ?' ಅಂತ ನನ್ನ ಪ್ರೋಗ್ರಾಮ್ ಕೇಳಿತು. ಅಕ್ಕ ಗಾಬರಿಯಾಗಿ 'ಬೇಡ' ಒತ್ತಿದರು. ಯಜಮಾನರು ನೇರ ಹೋಗಿ ಮೈನ್ ಸ್ವಿಚ್ಚಿಗೆ ಕೈಹಾಕಿದರು.

"ಅಯ್ಯೋ, ಏನ್ ಮಾಡ್ತಿದ್ದೀರಾ!" ಅಂತ ಹಾರಿ ಕೈ ಹಿಡಿದೆ.

"ಮತ್ತೇನು? ಸಂಜೆ ಹೊತ್ನಲ್ಲಿ, ದುಡಿಯೋ ಜಾಗದಲ್ಲಿ, ಮುಚ್ಚಲಾ ಅಂತ ಕೇಳ್ತದೆ ನಿನ್ ಪೆಟ್ಗೆ. ಹೂಂ ಅಂತ ಯಾವ ಮನೆಯೋರಾದ್ರೂ ಅಂತಾರಾ? ನಾವು ಅಂಗ್ಡೀನೂ ಮುಚ್ಚಲ್ಲ, ಬಾಗ್ಲು ಹಾಕ್ಕೊಂಡು ಬತ್ತೀವಿ."

ತಲೆ ಚಚ್ಚಿಕೊಂಡೆ. ದಿನಾ ಹೀಗೆ ಕರೆಂಟೇ ತೆಗೆದರೆ ಮುಚ್ಚೋ ಸುದ್ದಿ ಪ್ರೋಗ್ರಾಮಿಗೆ ಮುಟ್ಟೋದೆಲ್ಲಿ? ಅಲ್ಲೇ ಕೂತು ತಿದ್ದಿದೆ. ಒಂದೊಂದು ಗೆರೆಗೂ ಚಿತ್ರ ತಾನೇ ಉಳಿಯೋ ಹಾಗೆ ಮಾಡಿದೆ. ಪ್ರಶ್ನೆ 'ಹೋಗಿ ಬರ್ತೀರಾ?' ಆಯಿತು, ಗುಂಡಿ ಒಂದೇ: 'ಬತ್ತೀವಿ'. ಅಕ್ಕ ಖುಷಿಯಿಂದ ಒತ್ತಿದರು.

ಶನಿವಾರ ಬೆಳಿಗ್ಗೆ ಕುದುರೆ ಪರದೆ ಮೇಲೆ ಠೀವಿಯಿಂದ ನಿಂತಿತ್ತು. ಮಧ್ಯಾಹ್ನದೊಳಗೆ ಮರದಲ್ಲೂ ನಿಂತಿತು. ಅಕ್ಕ ಅದನ್ನ ಸೆರಗಲ್ಲಿ ಒರೆಸಿ ಒರೆಸಿ ನೋಡಿದರು, ಅತ್ತರು, ನಕ್ಕರು. ಚೀಲ ಹೆಗಲಿಗೇರಿಸಿ, "ಸರಿ ಅಕ್ಕ, ನಾನಿನ್ನು ಹೋಗ್ತೀನಿ" ಅಂದೆ.

ಇಬ್ಬರೂ ಹೌಹಾರಿ ಎದ್ದರು. ಯಜಮಾನರು ಬಾಗಿಲಿಗೆ ಕೈ ಅಡ್ಡ ಹಿಡಿದು ಅಂದರು:

"ಬತ್ತೀನಿ ಅನ್ನವ್ವ! ಪೆಟ್ಗೆಗೆ ಒಂದೇ ದಿನಕ್ಕೆ ಬುದ್ಧಿ ಬಂತು, ನಿನಗೆ ಯಾವಾಗ?"