ಮಾಮನ ಹೊಗೆಹಡಗು

ಮಸ್ಕತ್ತಿನಲ್ಲಿ ನಮಗೆ ಗೊತ್ತಿದ್ದ ಊರವರಲ್ಲಿ ಸ್ವಂತ ಕಾರಿಲ್ಲದವರು ಬೇಕಾದಷ್ಟು ಮಂದಿ ಇದ್ದರು. ಆದರೆ ಕಾರಿಲ್ಲದೆಯೂ ಸ್ವಂತ ಹಡಗು ಇದ್ದವರು ಒಬ್ಬರೇ, ನನ್ನ ಹೆಂಡತಿಯ ಸೋದರಮಾವ. ಅವಳಂತೆ ನಾನೂ ಅವರನ್ನು ಮಾಮ ಎಂದೇ ಕರೆಯುತ್ತಿದ್ದೆ. ಹಡಗಿನ ಉದ್ದ ನಾಲ್ಕೇ ಅಡಿ ಎಂಬುದು ನಿಜ. ಆದರೆ ಮಾಮನ ಎದುರು ಅದನ್ನು ಆಟಿಕೆ ಎಂದವರಿಗೆ ಅವರು ಮತ್ತೆ ಮುಖ ಕೊಟ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನು ರುಸೈಲ್‌ನ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದೆ. ಮನೆ ವಾದಿ ಅದಾಯ್‌ನಲ್ಲಿ. ಮಾಮ ಘಾಲಾದ ಗ್ಯಾರೇಜಿನಲ್ಲಿ ರೇಡಿಯೇಟರ್ ರಿಪೇರಿ ಮಾಡುತ್ತಿದ್ದರು. ಶುಕ್ರವಾರ ಊಟಕ್ಕೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ಕುಕ್ಕರ್ ತಪಾಸಣೆ ಮಾಡಬೇಕು.

"ಈ ವಾಲ್ವ್ ಬದಲ್ಸು ಮಗಾ. ಹಳೇ ಕಾಲದ ಹಡಗುಗಳು ಒಡೆದದ್ದು ಇಂಥದ್ರಿಂದಲೇ."

"ಮಾಮ, ಇದ್ರಲ್ಲಿ ಬೇಯುದು ಕಡ್ಲೆ. ಇದು ಬಸ್ರಾಕ್ಕೆ ಹೋಗ್ಲಿಕ್ಕಿಲ್ಲ," ಎನ್ನುತ್ತಿದ್ದಳು ನನ್ನ ಹೆಂಡತಿ.

ಬಸ್ರಾದ ಹೆಸರು ಸುಮ್ಮನೆ ಬಂದದ್ದಲ್ಲ. ಮಾಮನ ಅಜ್ಜ, ಮೊದಲ ಮಹಾಯುದ್ಧಕ್ಕೂ ಮುಂಚೆ, ಬೊಂಬಾಯಿಯಿಂದ ಮಸ್ಕತ್ ಮೇಲಾಗಿ ಬಸ್ರಾಕ್ಕೆ ಹೋಗುತ್ತಿದ್ದ ಹಳೆಯ ಹೊಗೆಹಡಗೊಂದರಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದರು. ಅದರ ಹೆಸರೂ ಅವರಿಗೆ ಬಾರದು, ಇಂಗ್ಲಿಷಿನಲ್ಲಿ ಬರೆದಿತ್ತಂತೆ. ಆದರೆ ಅದರ ಹೊಟ್ಟೆಯೊಳಗಿನ ಒಂದೊಂದು ಕೊಳವೆಯನ್ನೂ ಅವರು ಮೊಮ್ಮಗನಿಗೆ ಬಾಯಿಪಾಠ ಮಾಡಿಸಿದ್ದರು. ಕಬ್ಬಿಣದ ಮೈ, ಎರಡು ಬಾಯ್ಲರು, ಸಣ್ಣದೊಂದು ದೊಡ್ಡದೊಂದು ಸಿಲಿಂಡರು. ಸಣ್ಣದನ್ನು ತಳ್ಳಿ ಬಂದ ಹಬೆಯೇ ದೊಡ್ಡದನ್ನೂ ತಳ್ಳಬೇಕು.

"ಅಂದ್ರೆ ಒಂದೇ ಚಾಪುಡಿಯಲ್ಲಿ ಎರಡು ಸಲ ಚಾ," ಎಂದು ಮಾಮ ನನಗೆ ಬಿಡಿಸಿ ಹೇಳಿದರು.

"ಅದು ಹಡಗಿನಲ್ಲಿ ಮಾತ್ರ. ನಮ್ಮಲ್ಲಿ ಇಲ್ಲ," ಎಂದಿತು ಅಡುಗೆಮನೆ.

ಎಂಜಿನ್ ಇದ್ದ ಮೇಲೆ ಕಂಬ, ಹಾಯಿ ಯಾಕೆ ಎಂದು ನಾನೊಮ್ಮೆ ಕೇಳಿದೆ. "ಆಗ ಎಂಜಿನ್ ಹೊಸತಲ್ವಾ. ಎಂಜಿನ್ ನಿಂತ್ರೆ ಹಾಯಿ, ಗಾಳಿ ನಿಂತ್ರೆ ಎಂಜಿನ್, ಎರಡೂ ನಿಂತ್ರೆ ದೇವ್ರು," ಎಂದರು. ಹಡಗು ಹರೆಯದಲ್ಲಿ ಅರಬ್ಬಿ ಕುದುರೆಗಳನ್ನು ಹೊತ್ತಿತ್ತು. ಆಮೇಲೆ ಬಟ್ಟೆ, ಹಂಚು, ಖರ್ಜೂರ, ಜೊತೆಗೆ ಡೆಕ್ಕಿನ ತುಂಬ ಜನ. ಕುದುರೆಗಳಿಗೆ ನೆರಳಿತ್ತಂತೆ, ಜನರಿಗೆ ಇರಲಿಲ್ಲವಂತೆ. ಮುಪ್ಪಿನಲ್ಲಿ ಬೇರೆ ಹಡಗುಗಳಿಗೆ ಕಲ್ಲಿದ್ದಲು ಸಾಗಿಸಿ, ಕಡೆಗೆ ಬೊಂಬಾಯಿಯಲ್ಲಿ ಗುಜರಿಗೆ ಹೋಯಿತು. ಇದನ್ನು ಹೇಳುವಾಗ ಮಾಮ ಮನೆಯ ಹಿರಿಯರೊಬ್ಬರ ಸಾವನ್ನು ಹೇಳುವಂತೆ ದನಿ ತಗ್ಗಿಸುತ್ತಿದ್ದರು.

ಗ್ಯಾರೇಜಿನಲ್ಲಿ ಎಸೆಯುವ ತಾಮ್ರ, ಹಿತ್ತಾಳೆ ಕೂಡಿಟ್ಟು ಎರಡು ವರ್ಷ ಕೂತು ಆ ಬಾಯ್ಲರು, ಸಿಲಿಂಡರುಗಳನ್ನು ಅವರು ಮಾಡಿಯೇಬಿಟ್ಟರು. ಸ್ಪಿರಿಟ್ ದೀಪ ಹಚ್ಚಿದರೆ ಚಕ್ರ ತಿರುಗುತ್ತಿತ್ತು. ಆದರೆ ಹಡಗೇ ಇರಲಿಲ್ಲ. ಹೊಟ್ಟೆ ಇದೆ, ಮೈ ಇಲ್ಲ!

"ಮೈ ಯಾವಾಗ ಮಾಮ?"

"ಅಜ್ಜನಿಗೆ ಹೊರಗಿಂದ ಅದು ಹೇಗೆ ಕಾಣ್ತದೆ ಅಂತ ಗೊತ್ತಿರ್ಲಿಲ್ಲ ಮಾರಾಯ. ಹಡಗು ನಿಲ್ಲುವ ಧಕ್ಕೆಯಲ್ಲಿ ಪಕ್ಕ ನಿಂತ್ರೆ ಬರೀ ಗೋಡೆ. ಒಳಗೆ ಇಳಿದ್ರೆ ಬರೀ ಬೆಂಕಿ. ದೂರದಿಂದ ಪೂರ್ತಿ ನೋಡಿದ್ದೇ ಇಲ್ಲ."

ನಾನು ಎಲ್ಲಿಂದಲೋ ಹಳೆಯ ಹಡಗುಗಳ ಚಿತ್ರಪುಸ್ತಕ ತಂದುಕೊಟ್ಟೆ. ಮಾಮ ಗೌರವದಿಂದ ಪುಟ ತಿರುವಿ ಮುಚ್ಚಿ ಹಿಂದಿರುಗಿಸಿದರು. "ಇದೆಲ್ಲ ಬೇರೆಯವರ ಅಜ್ಜಂದಿರ ಹಡಗು."

ಹೀಗಿರುವಾಗ ಒಂದು ದಿನ ಕೆಲಸದ ಹೊತ್ತಿನಲ್ಲಿ ಗ್ಯಾರೇಜಿನ ಅರಬಾಬ್, ಅಂದರೆ ಮಾಮನ ವೀಸಾ ಯಾರ ಕೈಯಲ್ಲಿತ್ತೋ ಆ ಮಾಲೀಕ, ಒಳಗೆ ಬಂದ. ಮೇಜಿನ ಮೇಲೆ ಗಿರಾಕಿಯ ರೇಡಿಯೇಟರ್ ಇರಬೇಕಾದಲ್ಲಿ ಈ ಎಂಜಿನ್ ಬುಸುಗುಡುತ್ತಿತ್ತು. ಅವನು ದೀಪ ಆರಿಸಿ, ಎಂಜಿನ್ನನ್ನು ಪಿಕಪ್ಪಿಗೆ ಹಾಕಿಕೊಂಡು ಹೋದ. ಮಾಮ ನಮ್ಮಲ್ಲಿಗೆ ಬಂದು, "ಖಲಾಸ್. ವೀಸಾ ಹೋಯ್ತು," ಎಂದು ಕೂತರು. "ವೀಸಾ ಹೋಗ್ಲಿ. ಎಂಜಿನ್ ಎಲ್ಲಿಗೆ ಹಾಕಿದ್ನೋ."

ಮೂರನೇ ದಿನ ಕರೆ ಬಂತು: ಅರಬಾಬನ ತಂದೆ ನೋಡಬೇಕಂತೆ, ಕಡಲ ಬದಿಯ ಮತ್ರಾದ ಮನೆಗೆ ಬರಬೇಕು. ಧೈರ್ಯಕ್ಕೆ ನಾನೂ ಹೋದೆ. ಎಂಬತ್ತು ದಾಟಿದ ಮುದುಕರು ಚಾಪೆಯ ಮೇಲೆ ಕೂತಿದ್ದರು. ಎಂಜಿನ್ ಅವರ ಮಡಿಲಿನಲ್ಲಿತ್ತು. ಖರ್ಜೂರದ ವ್ಯಾಪಾರಕ್ಕೆ ಬೊಂಬಾಯಿ ತಿರುಗಿದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಮಾಮ ಅಜ್ಜನ ಕತೆ ಹೇಳಿದರು.

"ಕುದುರೆ ತರುತ್ತಿದ್ದದ್ದು ಅಂತ ನಮ್ಮ ಹಿರಿಯರು ಹೇಳುತ್ತಿದ್ದ ಹಡಗೇ? ನಾನು ಚಿಕ್ಕವನಿದ್ದಾಗ ಈ ಕಡಲಿನಲ್ಲೇ ನಿಲ್ಲುತ್ತಿತ್ತು. ನಾವು ಅದನ್ನು ಕುಂಟಿ ಅನ್ನುತ್ತಿದ್ದೆವು," ಎಂದರು ಮುದುಕರು. "ನಿಂತಾಗ ಎಡಕ್ಕೆ ವಾಲುತ್ತಿತ್ತು."

ಮಾಮ ನನ್ನ ಮೊಣಕೈ ಹಿಡಿದುಕೊಂಡರು. ಎಡಗಡೆಯ ಕಲ್ಲಿದ್ದಲು ಕೋಣೆ ದೊಡ್ಡದು, ನಡೆಯುವಾಗ ನೆಲ ಯಾವಾಗಲೂ ಎಡಕ್ಕೆ ಇಳಿಜಾರು ಎಂದು ಅಜ್ಜ ಅವರಿಗೆ ಹೇಳಿದ್ದರಂತೆ. ಆ ಸಂಗತಿಯನ್ನು ಮಾಮ ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಸ್ವಂತ ಅಜ್ಜನ ಹಡಗಿನ ಕುಂದನ್ನು ಯಾರು ಊರಿಗೆಲ್ಲ ಹೇಳುತ್ತಾರೆ?

ಅಲ್ಲಿಂದ ನಾಲ್ಕು ತಿಂಗಳು ಮಾಮನ ಶುಕ್ರವಾರಗಳು ಮತ್ರಾದ ಪಾಲಾದವು. ಮುದುಕರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಮಾಮ ತಗಡು ಬಗ್ಗಿಸುತ್ತಿದ್ದರು. ಮೂರು ಕಂಬ, ನಡುವಿನದು ಗಿಡ್ಡ. ಕಪ್ಪು ಹೊಗೆಕೊಳವೆ, ಅದಕ್ಕೊಂದು ಕೆಂಪು ಪಟ್ಟಿ. ಹಿಂಭಾಗ ದುಂಡಗೆ. "ಇಷ್ಟು ದುಂಡಗಲ್ಲ," ಎಂದು ಅವರು ಬೆರಳಾಡಿಸಿ ಹೇಳಿದ ದಿನ ಮಾಮ ಇಡೀ ಹಿಂಭಾಗವನ್ನೇ ಬಿಚ್ಚಿ ಮತ್ತೆ ಮಾಡಿದರು.

ನೀರಿಗಿಳಿಸಿದ್ದು ಕುರುಮ್‌ನಲ್ಲಿ, ಕಡಲಿನ ನೀರು ಒಳಗೆ ಬಂದು ಅಲೆಯಿಲ್ಲದೆ ನಿಲ್ಲುವ ಕಡೆ. ಗ್ಯಾರೇಜಿನವರೆಲ್ಲ ಬಂದಿದ್ದರು. ಹಡಗು ನೀರಿಗಿಟ್ಟ ಕೂಡಲೇ ಯಾರೋ, "ಅಯ್ಯೋ, ಎಡಕ್ಕೆ ವಾಲ್ತಾ ಉಂಟು," ಎಂದರು.

"ವಾಲ್ಬೇಕು," ಎಂದರು ಮಾಮ, ಎದೆ ಸೆಟೆಸಿ. ತಮ್ಮ ಹಡಗು ನೆಟ್ಟಗೆ ನಿಂತದ್ದಕ್ಕೂ ಯಾರೂ ಅಷ್ಟು ಹೆಮ್ಮೆಪಟ್ಟಿರಲಾರರು.

ಹಬೆ ಏರಲೆಂದು ಮಾಮ ಮೊಣಕಾಲುದ್ದ ನೀರಿನಲ್ಲಿ ಹಡಗು ಹಿಡಿದು ನಿಂತಿದ್ದರು. ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮುದುಕರು ಕೇಳಿದರು, "ನಾವು ಹುಡುಗರು ದಂಡೆಯಿಂದ ಕೈಬೀಸುತ್ತಿದ್ದೆವು. ಮೇಲೆ ಬಿಳಿ ಬಟ್ಟೆಯವರು ನಿಂತಿರುತ್ತಿದ್ದರು, ಒಬ್ಬರೂ ಬೀಸುತ್ತಿರಲಿಲ್ಲ. ನಿನ್ನ ಅಜ್ಜ ಎಲ್ಲಿರುತ್ತಿದ್ದ?"

ಮಾಮ ಹೊಗೆಕೊಳವೆಯ ನೇರಕ್ಕೆ, ನೀರಿನ ಒಳಗೆ ಬೆರಳಿಟ್ಟು ತೋರಿಸಿದರು. "ಇಲ್ಲಿ. ಇಲ್ಲಿ ಕಿಟಕಿ ಇಲ್ಲ."

"ಹೆಸರು?"

"ತ್ಯಾಂಪ."

ಮಾಮ ಕೈ ಬಿಟ್ಟರು. ಹಡಗು ಸಣ್ಣಗೆ ಹೊಗೆ ಬಿಡುತ್ತ, ಎಡಕ್ಕೆ ವಾಲಿಕೊಂಡೇ ಮುಂದಕ್ಕೆ ಹೋಯಿತು. ಮುದುಕರು ಮಗನ ತೋಳು ಹಿಡಿದು ಕುರ್ಚಿಯಿಂದ ಎದ್ದರು. ಅರಬ್ಬಿ ನಾಲಗೆಗೆ 'ಪ' ಹೊರಳುವುದಿಲ್ಲ. ಬಲಗೈ ಎತ್ತಿ ಬೀಸುತ್ತ, ದೂರದವರನ್ನು ಕರೆಯುವಂತೆ ಕೂಗಿದರು, "ಯಾ ತ್ಯಾಂಬಾ, ಸಲಾಂ ಅಲೈಕುಂ."

ಯಾರೂ ನಗಲಿಲ್ಲ. ಹಡಗಿನ ಹಿಂದೆ ಹೋಗಬೇಕಾಗಿದ್ದ ಮಾಮ ನಿಂತಲ್ಲೇ ತಿರುಗಿದರು. ನೀರಿನಲ್ಲಿ ನಿಂತುಕೊಂಡೇ, ಅಜ್ಜನ ಪರವಾಗಿ, ಎರಡೂ ಕೈ ಎತ್ತಿ ದಂಡೆಯ ಕಡೆಗೆ ಬೀಸಿದರು.