ಅತ್ತೆಮ್ಮ ಹುಡುಕಿದ ಆನೆ

ಈ ಇಂಗ್ಲಿಷಿನ ಜುಟ್ಟು ಹಿಡಿದು ಬಗ್ಗಿಸದಿದ್ದರೆ ತನ್ನ ಹೆಸರೇ ಅತ್ತೆಮ್ಮ ಅಲ್ಲ ಎಂದು ಅತ್ತೆಮ್ಮ ಶಪಥ ಮಾಡಿಬಿಟ್ಟರು. ಮಾಡದೆ ಇನ್ನೇನು? ಊಟದ ಮೇಜಿನ ಮುಂದೆ ಮನೆಮಾತಿನಲ್ಲೇ ಹರಟುತ್ತಿದ್ದ ಮಗ ಸೊಸೆ, ಗುಟ್ಟಿನ ಮಾತು ಬಂದ ಕೂಡಲೇ ಇಂಗ್ಲಿಷಿಗೆ ಹಾರಿಬಿಡುತ್ತಿದ್ದರು!

ಅತ್ತೆಮ್ಮನಿಗೆ ಓದು ಅಷ್ಟಕ್ಕಷ್ಟೆ. ಆದರೆ ಕೇಳಿದ ಮಾತನ್ನು ಸೆರಗಿನ ಗಂಟಿನಂತೆ ಜೋಪಾನವಾಗಿ ಒಯ್ದು, ಪಕ್ಕದ ಮನೆಯ ಟೈಪಿಸ್ಟಮ್ಮನ ಮುಂದೆ ಬಿಚ್ಚಿದರು.

“ಎಲಿಫೆಂಟ್ ಇನ್ ದ ರೂಮ್ ಅಂದ್ರೆ ಏನ್ರೀ?”

“ಕೋಣೆಯೊಳಗಿನ ಆನೆ ಅಂತ. ಅಂದ್ರೆ ಎದುರಿಗೇ ಇರೋ ದೊಡ್ಡ ತೊಂದರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ.”

“ಯೂ ಹ್ಯಾವ್ ಕೋಲ್ಡ್ ಫೀಟ್ ಅಂತ ಸೊಸೆ ನನ್ನ ಮಗನಿಗೆ ಅಂದ್ಲು.”

“ಕೊನೇ ಗಳಿಗೇಲಿ ಹೆದರಿ ಹಿಂಜರೀತಿದ್ದೀರಿ ಅಂತ.”

“ಬೈಟ್ ದ ಬುಲೆಟ್ ಅಂದ್ಲು.”

“ಹಲ್ಲು ಕಚ್ಚಿ ಮುಗಿಸಿಬಿಡಿ ಅಂತ.”

ಅರ್ಥವೆಲ್ಲ ಕೈಗೆ ಬಂತು! ಗೆದ್ದ ಉಮೇದಿನಲ್ಲಿ ಮನೆಗೆ ಬಂದ ಅತ್ತೆಮ್ಮ ಒಂದಕ್ಕೊಂದು ಕೂಡಿಸಿದರು. ಮನೆಯಲ್ಲೊಂದು ದೊಡ್ಡ ತೊಂದರೆ. ಬಾಯಿ ಬಿಡಲು ಮಗನಿಗೆ ಹೆದರಿಕೆ. ಮಗ ಹೆದರುವುದು ಹೆತ್ತವಳಿಗಲ್ಲದೆ ಇನ್ನಾರಿಗೆ? ಹಾಗಾದರೆ ತೊಂದರೆ... ತಾನೇ! ತನ್ನನ್ನು ಮಗಳ ಮನೆಗೆ ಸಾಗಹಾಕುವ ಹುನ್ನಾರ!

‘ಕಳಿಸೋ ಮುಂಚೆ ನಾನೇ ಹೊರಡ್ತೀನಿ’ ಎಂದುಕೊಂಡು ಬಟ್ಟೆಬರೆ ಚೀಲಕ್ಕೆ ತುರುಕಿದರು. ಸಂಜೆ ಇಬ್ಬರೂ ಕೆಲಸದಿಂದ ಬಂದಾಗ ಅತ್ತೆಮ್ಮ ಹೊಸ್ತಿಲಲ್ಲಿ, ಚೀಲದ ಮೇಲೆಯೇ, ಸಿಂಹಾಸನವೇರಿದಂತೆ ಕುಳಿತಿದ್ದರು.

“ಏನಮ್ಮಾ ಇದು?”

“ನಿಮ್ಮ ಆನೆ ಹೊರಟಿದೆ ಕಣಪ್ಪಾ. ಇನ್ನು ಹಾಯಾಗಿರಿ.”

ಸೊಸೆ ಚೀಲಕ್ಕೇ ಕೈಹಾಕಿದಳು. “ಅಯ್ಯೋ ಅತ್ತೆ, ನೀವು ಹೋಗಿಬಿಟ್ರೆ ಈ ಮನೆ ನಡೆಯುತ್ತಾ? ಆನೆ ನೀವಲ್ಲ! ನಿಮ್ಮ... ರೀ, ನೀವೇ ಹೇಳ್ರೀ!”

ಮಗ ಕಣ್ಣು ಮುಚ್ಚಿಕೊಂಡು ಅಂದುಬಿಟ್ಟ: “ನಿನ್ನ ಗೊರಕೆ, ಅಮ್ಮಾ.”

ಅತ್ತೆಮ್ಮನಿಗೆ ಹೋದ ಜೀವ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು.

“ಗೊರಕೆನಾ? ನಾನಾ? ಶುದ್ಧ ಸುಳ್ಳು! ಹೊಡೆದಿದ್ರೆ ಒಂದು ದಿನವಾದ್ರೂ ನನಗೆ ಕೇಳಿಸಬೇಕಿತ್ತಲ್ಲ! ಬೇಕಾದ್ರೆ ಟೈಪಿಸ್ಟಮ್ಮನ್ನೇ ಕೇಳಿ, ಅವರು ಸುಳ್ಳು ಹೇಳೋರಲ್ಲ!”

ಯಾರೂ ಹೋಗಿ ಕೇಳಬೇಕಾಗಲಿಲ್ಲ. ಗೋಡೆಯಾಚೆಯಿಂದ ಟೈಪಿಸ್ಟಮ್ಮನ ದನಿ ಮೆತ್ತಗೆ ಬಂತು:

“ನೀವು ಎದ್ದ ಮೇಲೇ ಕಣ್ರೀ ನಮ್ಮನೇಲಿ ನಿದ್ದೆ!”