ಸೊಸೆಯ ಕ್ಯಾಮೆರಾಗೆ ಸಿಕ್ಕ ಮೂರು ಗೆರೆ

ಬಿಸಿ ಕಾಣುವ ಕ್ಯಾಮೆರಾ ಹಿಡಿದವರು ಮನೆಯಲ್ಲಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಮೊದಲನೆಯದನ್ನು ನನಗೆ ಹೇಳಿದವರು ಹಗರೆಯ ನಮ್ಮ ಬೀಗರು. ಅವರ ಮಗಳೇ ನನ್ನ ಸೊಸೆ. ಅರಸೀಕೆರೆ ಹೊರಗಿನ ಕಾರ್ಖಾನೆಯಲ್ಲಿ, ವಿದ್ಯುತ್ ಮಾಡುವ ಯಂತ್ರದ ಟರ್ಬೈನ್ ಬ್ಲೇಡುಗಳನ್ನು, ಅಂದರೆ ಲೋಹದ ರೆಕ್ಕೆಗಳನ್ನು, ಪರೀಕ್ಷೆ ಮಾಡುತ್ತಾಳೆ. ಬ್ಲೇಡಿಗೆ ಒಂದು ಕ್ಷಣ ಬಿಸಿ ಕೊಟ್ಟು ಕ್ಯಾಮೆರಾದಲ್ಲಿ ನೋಡುವುದು. ಒಳಗೆ ಹುಳುಕಿದ್ದರೆ ಬಿಸಿ ಅಲ್ಲೇ ನಿಂತು ಬೆಳ್ಳಗೆ ಕಾಣುತ್ತದೆ.

೧. ಹಾಲಿನ ಡೈರಿ

"ಮಗಳು ಏನ್ ಕೆಲಸ ಮಾಡ್ತಾಳೆ?" ಎಂದು ಡೈರಿಗೆ ಹಾಲು ಹಾಕಲು ಬಂದ ಒಬ್ಬ ಬೀಗರನ್ನು ಕೇಳಿದನಂತೆ.

"ಕಾರ್ಖಾನೇಲಿ ಫೋಟೋ ತೆಗೀತಾಳೆ."

"ಹಂಗಾದ್ರೆ ನಮ್ಮ ಮೊಮ್ಮಗಳ ನಾಮಕರಣಕ್ಕೆ ಬತ್ತಾಳಾ?"

"ಅವಳು ಮುಖದ್ದು ತೆಗೆಯಲ್ಲ ಕಣಪ್ಪ. ಒಳಗೆ ಏನು ಹುಳುಕೈತೆ, ಅದರದ್ದು ತೆಗೀತಾಳೆ."

ಅಂದಿನಿಂದ ಸೊಸೆ ತವರಿಗೆ ಹೋದಾಗಲೆಲ್ಲ ಆತ ಹಾಲಿನ ಕ್ಯಾನಿಗೆ ಮುಚ್ಚಳ ಹಾಕಿಕೊಂಡೇ ಓಡಾಡುತ್ತಾನಂತೆ.

೨. ಕೊಳೆತ ಕಾಯಿ

ನಾನು ಬಹಳ ವರ್ಷ ಕೊಬ್ಬರಿ ಮಂಡಿಯಲ್ಲಿದ್ದವನು. ಈಗ ಸೊಸೆಯ ಕಾರ್ಖಾನೆಯಲ್ಲೇ ಬ್ಲೇಡ್ ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತೇನೆ.

"ಒಡೆಯದೆ ಒಳಗು ತಿಳಿಯೋದು ಮಾವ, ನಮ್ಮ ಕೆಲಸ" ಎಂದಳು.

"ಅದೇನು ದೊಡ್ಡದಮ್ಮ? ಕಾಯಿ ಅಲ್ಲಾಡಿಸಿ ಕೊಬ್ಬರಿ ಒಣಗಿದೆಯೋ ಇಲ್ಲವೋ ನಾನು ಹೇಳಿಲ್ಲವೆ?" ಎಂದು ಒಂದು ಬ್ಲೇಡನ್ನು ಕಿವಿ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ, "ಇದು ಚೆನ್ನಾಗಿದೆ" ಎಂದೆ.

ಅವಳು ಅದನ್ನೇ ಕ್ಯಾಮೆರಾ ಮುಂದಿಟ್ಟಳು. ಬ್ಲೇಡು ತಂಪಾಗಲೆಂದು ಗಾಳಿ ಹೋಗುವ ರಂಧ್ರವೊಂದು ಒಳಗೇ ಕಟ್ಟಿಕೊಂಡು ಬೆಳ್ಳಗೆ ಕಂಡಿತು.

"ಮಾವ, ಮಂಡೀಲಿ ಇಂಥವು ಎಷ್ಟು ಮಾರಿದ್ರಿ?"

೩. ಮೂರು ಗೆರೆ

ಬ್ಲೇಡ್ ಕೊಳ್ಳುವ ಕಂಪನಿಯ ಎಂಜಿನಿಯರ್ ಬರುವವರಿದ್ದರು. ಅವರು ಒಪ್ಪಿದರೆ ಸೊಸೆಯ ಕೆಲಸ ಕಾಯಂ, ಇಲ್ಲವಾದರೆ ಇಲ್ಲ. ಹಿಂದಿನ ದಿನವೇ ಕಾರ್ಖಾನೆಯಲ್ಲಿ ಆಯುಧಪೂಜೆ. ಹಳೇಬೀಡಿನ ನೆಂಟರು ಕೊಟ್ಟ ವಿಭೂತಿಗಟ್ಟಿ ನನ್ನ ಜೇಬಿನಲ್ಲಿತ್ತು. ಅವಳು ಮರುದಿನಕ್ಕೆಂದು ತೆಗೆದಿಟ್ಟ ಬ್ಲೇಡಿಗೆ, ಒಳ್ಳೆಯದಾಗಲಪ್ಪ ಎಂದು ಮೂರು ಬೆರಳು ಎಳೆದೆ. ಬೆಳಿಗ್ಗೆ ಹೆದರಿಕೆಯಾಗಿ ಟವೆಲಿನಲ್ಲಿ ಒರೆಸಿಬಿಟ್ಟೆ. ಕಣ್ಣಿಗೆ ಏನೂ ಕಾಣಲಿಲ್ಲ.

ಎಂಜಿನಿಯರ್ ಬಂದರು. ಪರದೆಯ ಮೇಲೆ ಬೆಳ್ಳಗೆ ಮೂರು ಗೆರೆ ಮೂಡಿದವು.

"ಏನಮ್ಮ ಇದು? ಒಂದೇ ಬ್ಲೇಡಿಗೆ ಮೂರು ಬಿರುಕು?"

ಸೊಸೆ ಪರದೆ ನೋಡಿದಳು. ಆಮೇಲೆ ಮೆಲ್ಲಗೆ ತಿರುಗಿ ನನ್ನ ಹಣೆ ನೋಡಿದಳು.

"ಅದು ಬಿರುಕಲ್ಲ ಸರ್. ಅದು ನಮ್ಮ ಮಾವ."

ಹೊಳೆಯುವ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ಬೂದಿ ಉಳಿದರೂ ಆ ಕ್ಯಾಮೆರಾಗೆ ಬೆಳ್ಳಗೆ ಕಾಣುತ್ತದಂತೆ. ಬ್ಲೇಡನ್ನು ಔಷಧಿ ಹಾಕಿ ತೊಳೆದು ಮತ್ತೆ ಇಟ್ಟಳು. ಗೆರೆಗಳು ಹೋಗಿದ್ದವು, ಬ್ಲೇಡು ಒಳಗೂ ಹೊರಗೂ ಶುದ್ಧ. ಎಂಜಿನಿಯರ್ ಬಹಳ ಹೊತ್ತು ನಕ್ಕರು. "ಒರೆಸಿದ ವಿಭೂತಿಯನ್ನೇ ಬಿಡದವಳು ಹುಳುಕು ಬಿಡ್ತಾಳೇನ್ರೀ?" ಎಂದು ಸಹಿ ಹಾಕಿದರು.

ಈಗ ಆ ಕೋಣೆಯ ಬಾಗಿಲಿಗೆ ಸೊಸೆಯೇ ಒಂದು ಚೀಟಿ ಅಂಟಿಸಿದ್ದಾಳೆ: 'ಪೂಜೆ ಕ್ಯಾಮೆರಾಗೆ ಮಾತ್ರ, ಬ್ಲೇಡಿಗಲ್ಲ.'

ಇದನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಹೇಳುವಾಗ ವಿಭೂತಿ ನನ್ನದು, ಕಣ್ಣು ಸೊಸೆಯದು ಎಂಬುದನ್ನು ಮಾತ್ರ ಬಿಡಬೇಡಿ.